ಹತ್ತು ಸಮಸ್ತರು

ಊರಿನಲ್ಲಿ ಯಾವುದಾದರೊಂದು ಕಾರ್ಯವು ನಿಶ್ಚಯವಾಗಬೇಕಾದರೆ "ಹತ್ತು ಸಮಸ್ತರು ಕೂಡಿ ಹೇಳಲಿ" ಎನ್ನುವುದು ನಮ್ಮ ಹಿರಿಯರ ವಾಡಿಕೆ. ಈ ಹತ್ತು ಎಂಬುದು ಬಾಯಿಮಾತಿನ ಹತ್ತು. ಎಂಟು ಮಂದಿ ಬಂದರೆ ಕಾರ್ಯವು ನಿಲ್ಲುವುದಿಲ್ಲ. ಇಪ್ಪತ್ತು ಮಂದಿ ಬಂದರೆ ಯಾರನ್ನೂ ಹಿಂದಕ್ಕೆ ಕಳುಹಿಸುವುದೂ ಇಲ್ಲ. ಆದರೆ ಈ ಸಂಖ್ಯೆಯನ್ನು ಅಕ್ಷರಶಃ ಹಿಡಿದು, ಒಂಬತ್ತು ಮಂದಿ ನೆರೆದಿರುವಾಗ ಹತ್ತನೆಯವನಿಗಾಗಿ ಬಾಗಿಲ ಕಡೆ ನೋಡುತ್ತ ಕುಳಿತಿರುವ ಜನರೂ ಪ್ರಪಂಚದಲ್ಲಿ ಉಂಟು. ಅವರು ಯೆಹೂದ್ಯರು.

ಮುಂಬಯಿಯಲ್ಲಿ ಸಂಸಾರ ಹೂಡಿರುವ ನಮ್ಮ ವಾಚಕ ಮಹಾಶಯರೊಬ್ಬರು ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರು ದಿನವೂ ಮಸ್ಜಿದ್ ಎಂಬ ರೈಲು ನಿಲ್ದಾಣದಲ್ಲಿ ಇಳಿಯುವವರು. ಅಲ್ಲಿಗೆ ಸಮೀಪದಲ್ಲಿಯೇ ಸ್ಯಾಮ್ಯುಯೆಲ್ ಬೀದಿ ಎಂಬುದೊಂದುಂಟು. ಅದರಲ್ಲಿ ಯೆಹೂದ್ಯರ ಹಳೆಯ ಮಂದಿರವೊಂದು ಇದೆ. ಅದರೊಳಗೆ ಏನು ನಡೆಯುತ್ತದೆ, ಯಾರು ಕೂಡುತ್ತಾರೆ, ಮುಂಬರುವ ಹಬ್ಬಗಳ ಕಾಲದಲ್ಲಿ ಅಲ್ಲಿನ ಸಮಾರಂಭವೇನು ಎಂದು ಕೇಳಿದ್ದಾರೆ. ಪ್ರಶ್ನೆಯು ನಮ್ಮ ಮನೆಯ ಹೆಂಗಸರಿಗೂ ಮಕ್ಕಳಿಗೂ ರುಚಿಸತಕ್ಕದ್ದಾದುದರಿಂದ ಈ ತಿಂಗಳ ಪುಟಗಳನ್ನು ಅದಕ್ಕೇ ಮೀಸಲಾಗಿಸುತ್ತೇವೆ.

ಮೊದಲು ಹೆಸರಿನ ವಿಷಯ. ಯೆಹೂದ್ಯರ ಪ್ರಾರ್ಥನಾಸ್ಥಾನಕ್ಕೆ ಸಿನಗಾಗ್ ಎಂಬ ಹೆಸರು ಇಂಗ್ಲಿಷಿನ ಮೂಲಕ ನಮಗೆ ಬಂದಿದೆ. ಅದು ಗ್ರೀಕ್ ಶಬ್ದ. "ಒಟ್ಟಿಗೆ ನಡೆಯಿಸಿ ತಂದು ಕೂಡಿಸುವುದು" ಎಂದು ಅದರ ಅರ್ಥ. ಅದರಲ್ಲಿರುವ ಕ್ರಿಯಾಪದವು ಸಂಸ್ಕೃತದ ಅಜ್ ಧಾತುವಿನ ಒಡಹುಟ್ಟು. ಸಮ್ ಎಂಬ ಉಪಸರ್ಗವು ಅಜ್ ಧಾತುವಿನೊಡನೆ ಸೇರಿದರೆ ಆಗುವುದು ಸಮಾಜ. ಹೀಗೆ, ಆ ಪರದೇಶದ ಶಬ್ದವೂ ನಾವು ದಿನಕ್ಕೆ ಹತ್ತು ಸಲ ಆಡುವ ಸಮಾಜಶಬ್ದವೂ ಒಂದೇ ಅಚ್ಚಿನಲ್ಲಿ ಎರಕಹೊಯ್ದವು. ಶಬ್ದಗಳ ಹಿಂದೆ ಓಡುವುದು ನಮ್ಮಂಥ ಹಳೆಯ ಉಪಾಧ್ಯಾಯರ ಚಾಪಲ್ಯ, ವಾಚಕರು ಕ್ಷಮಿಸಬೇಕು. ಆದರೆ ಇಲ್ಲಿ ಶಬ್ದವು ವಿಷಯದ ಮರ್ಮವನ್ನೇ ಹೇಳುತ್ತದೆ. ಹೀಬ್ರೂ ಭಾಷೆಯಲ್ಲಿಯೂ ಅವರು ಅದನ್ನು ದೇವರ ಮನೆ ಎನ್ನುವುದಕ್ಕಿಂತ ಹೆಚ್ಚಾಗಿ ಕೂಟದ ಮನೆ ಎಂದೇ ಕರೆಯುವರು. ಅಲ್ಲಿ ವಿಗ್ರಹವಿಲ್ಲ, ಗರ್ಭಗುಡಿಯಿಲ್ಲ, ಬಾಗಿಲು ತೆರೆದು ಒಬ್ಬನೇ ಪೂಜೆ ಮುಗಿಸಿ ಹೋಗುವ ಅರ್ಚಕನಿಲ್ಲ. ಕೂಡುವ ಜನರೇ ಅಲ್ಲಿನ ಪ್ರತಿಷ್ಠೆ.

ಆ ಜನರು ಎಷ್ಟು ಎಂದರೆ, ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಗಂಡಸರು. ಇದಕ್ಕೆ ಮಿನ್ಯಾನ್ ಎಂದು ಹೆಸರು. ಹತ್ತು ಮಂದಿ ಇಲ್ಲದಿದ್ದರೆ ಬಂದವರು ತಮ್ಮ ತಮ್ಮ ಪ್ರಾರ್ಥನೆಯನ್ನು ತಾವೇ ಮಾಡಿಕೊಂಡು ಹೋಗಬಹುದು. ಆದರೆ ಧರ್ಮಗ್ರಂಥದ ಸುರುಳಿಯನ್ನು ತೆಗೆದು ವಿಧಿಪೂರ್ವಕವಾಗಿ ಓದುವಂತಿಲ್ಲ, ಸಾಮೂಹಿಕವಾದ ಕೆಲವು ಮಂತ್ರಗಳನ್ನು ಹೇಳುವಂತಿಲ್ಲ. ಹತ್ತೇ ಏಕೆ ಎಂಬುದಕ್ಕೆ ಅವರ ಶಾಸ್ತ್ರಕಾರರು ಕೊಡುವ ಆಧಾರವು ವಿನೋದವಾಗಿದೆ. ಮೋಶೆಯು ಕಾನಾನ್ ದೇಶವನ್ನು ನೋಡಿಬರಲು ಹನ್ನೆರಡು ಮಂದಿ ಚಾರರನ್ನು ಕಳುಹಿಸಿದನಷ್ಟೆ. ಅವರಲ್ಲಿ ಇಬ್ಬರು ಧೈರ್ಯದ ಮಾತನ್ನೂ ಹತ್ತು ಮಂದಿ ಅಪಶಕುನದ ಮಾತನ್ನೂ ತಂದರು. ಆ ಹತ್ತು ಮಂದಿಯನ್ನು ಗ್ರಂಥವು "ಸಭೆ" ಎಂದು ಕರೆದಿದೆ. ಆದುದರಿಂದ ಸಭೆಯೆಂದರೆ ಹತ್ತು ಎಂದು ಅವರ ಮೀಮಾಂಸೆ. ಗೊಣಗುವ ಹತ್ತು ಮಂದಿ ಕೂಡಿದರೂ ಅದು ಸಭೆಯೇ ಎಂದಾಯಿತು! ನಮ್ಮ ಊರ ಸಭೆಗಳನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು.

ಈ ಹತ್ತನ್ನು ಎಣಿಸುವುದರಲ್ಲಿಯೂ ಒಂದು ಸಂಪ್ರದಾಯವುಂಟು. ಮನುಷ್ಯರನ್ನು ಒಂದು, ಎರಡು, ಮೂರು ಎಂದು ಎಣಿಸಬಾರದು ಎಂಬುದು ಅವರ ನಂಬಿಕೆ. ಆದುದರಿಂದ ಸ್ತೋತ್ರಗ್ರಂಥದಲ್ಲಿ ಹತ್ತೇ ಪದಗಳುಳ್ಳ ಒಂದು ವಾಕ್ಯವನ್ನು ಆರಿಸಿಕೊಂಡು, ಒಬ್ಬೊಬ್ಬನಿಗೆ ಒಂದೊಂದು ಪದವನ್ನು ಉಚ್ಚರಿಸುತ್ತ ಹೋಗುವರು. ಕೊನೆಯ ಪದವು ಯಾರ ಮೇಲೆಯಾದರೂ ಬಿದ್ದರೆ ಸಭೆ ಕೂಡಿತು. ನಮ್ಮ ಕಣದಲ್ಲಿ ರಾಶಿಯನ್ನು ಅಳೆಯುವಾಗ ಮೊದಲನೆಯ ಕೊಳಗವನ್ನು "ಒಂದು" ಎನ್ನದೆ "ಲಾಭ" ಎನ್ನುವ ರೈತನಿಗೂ, ಮೊಮ್ಮಕ್ಕಳನ್ನು ಎಣಿಸಿದರೆ ದೃಷ್ಟಿಯಾದೀತೆಂದು ಗದರಿಸುವ ನಮ್ಮ ಅಜ್ಜಿಯರಿಗೂ ಈ ಸಂಪ್ರದಾಯವು ಬಿಡಿಸಿ ಹೇಳಬೇಕಾದದ್ದಲ್ಲ.

ಹತ್ತನೆಯವನ ಬೆಲೆಯು ತಿಳಿಯುವುದು ಮನೆಯಲ್ಲಿ ಸಾವು ಆದಾಗ. ತಂದೆಯೋ ತಾಯಿಯೋ ತೀರಿಕೊಂಡರೆ ಮಗನು ಹನ್ನೊಂದು ತಿಂಗಳ ಕಾಲ ಕದ್ದಿಷ್ ಎಂಬ ಪ್ರಾರ್ಥನೆಯನ್ನು ಹೇಳುವುದು ವಾಡಿಕೆ. ಅದು ಅರಾಮಿಕ್ ಭಾಷೆಯಲ್ಲಿರುವುದು. ವಿಚಿತ್ರವೆಂದರೆ ಅದರಲ್ಲಿ ಮರಣದ ಮಾತೇ ಇಲ್ಲ, ಸತ್ತವರ ಹೆಸರೂ ಇಲ್ಲ. ಆದ್ಯಂತವಾಗಿ ಭಗವನ್ನಾಮದ ಮಹಿಮೆ ಮಾತ್ರ. ಆದರೆ ಅದನ್ನು ಒಬ್ಬನೇ ಹೇಳಲಾಗದು. ಅವನು ಹೇಳಬೇಕು, ಸಭೆಯು "ಆಮೇನ್" ಎಂದು ಓಗೊಡಬೇಕು. ಎಂದರೆ ದುಃಖದಲ್ಲಿರುವ ಮನುಷ್ಯನಿಗೆ ಇನ್ನೂ ಒಂಬತ್ತು ಮಂದಿ ಬೇಕು. ನಮ್ಮಲ್ಲಿ ಹೆಗಲು ಕೊಡಲು ನಾಲ್ಕು ಮಂದಿ ಬೇಕಾದಂತೆ. ಆದರೆ ನಾಲ್ವರ ಕೆಲಸವು ಒಂದು ದಿನದ್ದು, ಒಂಬತ್ತು ಮಂದಿಯದು ಹನ್ನೊಂದು ತಿಂಗಳಿನದು. ನಮಗೆ ಪರಿಚಿತರಾದ ಈ ಸಮಾಜದ ವೃದ್ಧ ಉಪಾಧ್ಯಾಯರೊಬ್ಬರು ತಮ್ಮ ತಂದೆ ತೀರಿಕೊಂಡ ವರ್ಷವನ್ನು ನೆನೆದು ಹೀಗೆ ಹೇಳಿದ್ದುಂಟು: ವಾರದ ನಡುವಿನ ದಿನಗಳಲ್ಲಿ ಬೆಳಗಿನ ಹೊತ್ತು ಎಂಟು ಮಂದಿ ಬಂದಿರುವರು, ಅವರು ಬೀದಿಗೆ ಇಳಿದು, ಅಂಗಡಿಯ ಬಾಗಿಲು ತೆರೆಯುತ್ತಿರುವ ಒಬ್ಬನನ್ನೂ ಕಚೇರಿಗೆ ಹೊರಟಿರುವ ಇನ್ನೊಬ್ಬನನ್ನೂ ಕೈಹಿಡಿದು ಕರೆತರುವರು. "ಅವರು ಆಮೇನ್ ಎನ್ನಲು ಹತ್ತು ನಿಮಿಷ ಸಾಕಾಗಿತ್ತು, ಆದರೆ ಅವರನ್ನು ಹುಡುಕಲು ಗಂಟೆ ಹಿಡಿಯುತ್ತಿತ್ತು" ಎಂದರು. ಸಭೆಗೆ ಮುಂಚಿತವಾಗಿ ಬಂದು ಮೊದಲ ಹತ್ತು ಮಂದಿಯಲ್ಲಿ ಒಬ್ಬನಾದವನಿಗೆ, ಆಮೇಲೆ ಬರುವವರೆಲ್ಲರ ಫಲವೂ ಲಭಿಸುವುದೆಂದು ಅವರ ತಾಲ್ಮೂದ್ ಗ್ರಂಥವು ಹೇಳಿರುವುದು ಸುಮ್ಮನೆ ಅಲ್ಲ.

ಇನ್ನು ಈ ಜನರು ಯಾರು ಎಂಬುದನ್ನು ಹೇಳಬೇಕು. ಸ್ಯಾಮ್ಯುಯೆಲ್ ಬೀದಿಯ ಮಂದಿರವು ಬೆನೆ ಇಸ್ರೇಲರೆಂಬ ಪಂಗಡದ್ದು. "ಇಸ್ರೇಲನ ಮಕ್ಕಳು" ಎಂದು ಅರ್ಥ. ಅವರ ಪೂರ್ವಜರು ಬಹಳ ಪುರಾತನ ಕಾಲದಲ್ಲಿ ಹಡಗು ಒಡೆದು, ಅಲೀಬಾಗದ ಬಳಿಯ ನವಗಾಂವದ ದಡದಲ್ಲಿ ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ಮಾತ್ರ ಬದುಕಿ ಉಳಿದರೆಂದು ಪರಂಪರೆಯ ಮಾತು. ಎಂದು ಬಂದರೆಂಬುದರಲ್ಲಿ ಪಂಡಿತರಿಗೆ ಐಕಮತ್ಯವಿಲ್ಲ; ನಾವು ಆ ಜಗಳಕ್ಕೆ ಹೋಗುವುದಿಲ್ಲ. ಅವರು ಕೊಂಕಣದ ಹಳ್ಳಿಗಳಲ್ಲಿ ಹರಡಿಕೊಂಡು ಗಾಣವನ್ನು ಹಿಡಿದರು, ಮರಾಠಿಯನ್ನು ಮಾತೃಭಾಷೆಯನ್ನಾಗಿ ಮಾಡಿಕೊಂಡರು, ಊರ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡರು. ದಿವೇಆಗರದವರು ದಿವೇಕರ್, ಪೇಣದವರು ಪೇಣಕರ್, ಕಿಹೀಮದವರು ಕೇಹೀಮ್‌ಕರ್. ಬೆಳಗಾವಿ, ಕಾರವಾರಗಳ ನಮ್ಮ ವಾಚಕರಿಗೆ ಈ ಕ್ರಮ ಹೊಸದಲ್ಲ.

ಗಾಣಿಗರಲ್ಲಿ ಸೋಮವಾರ ಗಾಣ ಕಟ್ಟದವರು ಸೋಮವಾರ ತೇಲಿ. ಇವರು ಶನಿವಾರ ಗಾಣ ಕಟ್ಟರು, ಆದುದರಿಂದ ಶನಿವಾರ ತೇಲಿ. ಜನರು ಕಂಡದ್ದು ಅಷ್ಟೇ. ಇವರ ಧರ್ಮದಲ್ಲಿ ಆಗ ಉಳಿದಿದ್ದುದೂ ಹೆಚ್ಚುಕಡಮೆ ಅಷ್ಟೇ ಎನ್ನಬಹುದು: ಶನಿವಾರದ ವಿಶ್ರಾಂತಿ, ಎಂಟನೆಯ ದಿನದ ಸುನ್ನತಿ, "ಶೆಮಾ" ಎಂಬ ಒಂದು ಮಂತ್ರ, ಕೆಲವು ಹಬ್ಬಗಳು, ಅಡಿಗೆಮನೆಯ ಕೆಲವು ನಿಯಮಗಳು. ಗ್ರಂಥವಿಲ್ಲ, ಗುರುವಿಲ್ಲ, ಸಭಾಮಂದಿರವಿಲ್ಲ. ದಾವಿದ್ ರಹಾಬಿ ಎಂಬ ಪರದೇಶದ ಯೆಹೂದಿಯು ಇವರನ್ನು ಕಂಡು, ತನ್ನವರೋ ಅಲ್ಲವೋ ಎಂದು ಪರೀಕ್ಷಿಸುವುದಕ್ಕಾಗಿ ಬಗೆಬಗೆಯ ಮೀನುಗಳನ್ನು ಹೆಂಗಸರ ಮುಂದೆ ಇಡಿಸಿದನಂತೆ. ಅವರು ಹುರುಪೆಯೂ ರೆಕ್ಕೆಯೂ ಇಲ್ಲದ ಮೀನುಗಳನ್ನು ಬೇರೆಗೆ ಸರಿಸಿ, ಇವನ್ನು ನಾವು ತಿನ್ನುವುದಿಲ್ಲ ಎಂದರಂತೆ. ಮೋಶೆಯ ಧರ್ಮಶಾಸ್ತ್ರದ ವಿಧಿಯೇ ಅದು. ಈ ಕಥೆಯನ್ನು ಅವರು ಇಂದಿಗೂ ಹೇಳುವರು. ಗಂಡಸರು ಮರೆತ ಶಾಸ್ತ್ರವು ಹೆಂಗಸರ ಮೊರದಲ್ಲಿ ಉಳಿದಿತ್ತೆಂದು ಅದರ ತಾತ್ಪರ್ಯವೆಂದು ನಮ್ಮ ಭಾವನೆ.

ಹಬ್ಬಗಳ ಹೆಸರನ್ನು ನೋಡಿದರೂ ಇದೇ ತೋರುವುದು. ಹೀಬ್ರೂ ಹೆಸರು ಮರೆತುಹೋದಾಗ ಅವರು ಹಬ್ಬಗಳಿಗೆ ಅಡಿಗೆಮನೆಯ ಹೆಸರುಗಳನ್ನೇ ಇಟ್ಟುಕೊಂಡರು. ವರ್ಷಾರಂಭದ ತಿಂಗಳಿನಲ್ಲಿ ಹೊಸ ಧಾನ್ಯವನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಪಾಯಸ ಮಾಡುವ ದಿನ "ಖೀರೀಚಾ ಸಣ". ಜೆರೂಸಲೇಮಿನ ದೇವಾಲಯವು ನಾಶವಾದುದಕ್ಕಾಗಿ ಶೋಕಿಸುವ ದಿನ "ಬಿರಡ್ಯಾಚಾ ಸಣ". ಬಿರಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ಅವರೆ, ಎಂದರೆ ನಮ್ಮ ಹಿದಕವರೆಯ ಸಮೀಪದ ಬಂಧು. ಮಹಾಪ್ರಾಯಶ್ಚಿತ್ತದ ಉಪವಾಸದ ದಿನವು "ದಾರ್‌ಫಾಳಣೀಚಾ ಸಣ". ಬಾಗಿಲು ಮುಚ್ಚುವ ಹಬ್ಬ. ಆ ದಿನ ಬಿಳಿಯ ಬಟ್ಟೆಯುಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರ ಸಂಪರ್ಕವಿಲ್ಲದೆ ನಿರಾಹಾರರಾಗಿ ಇರುತ್ತಿದ್ದರು. ಮಾರನೆಯ ದಿನ "ಶಿಳಾ ಸಣ", ತಂಗಳ ಹಬ್ಬ; ಬಡವರಿಗೆ ಕೊಟ್ಟು, ನಂಟರ ಮನೆಗೆ ಹೋಗಿಬರುವುದು. ಮಾಂಸದೊಡನೆ ಹಾಲನ್ನು ಬೆರಸಬಾರದೆಂಬ ನಿಯಮವಿರುವುದರಿಂದ ತೆಂಗಿನ ಹಾಲು ಅವರಿಗೆ ಪರಮೋಪಕಾರಿ. ದ್ರಾಕ್ಷಾರಸದ ಬದಲು ಒಣದ್ರಾಕ್ಷಿಯನ್ನು ನೆನೆಯಿಟ್ಟು ಹಿಂಡಿದ ಶರಬತ್ತಿನಿಂದಲೇ ಶುಕ್ರವಾರ ಸಂಜೆಯ ಆಶೀರ್ವಾದವನ್ನು ಮಾಡುವರು.

ಹೀಗೆ ಶತಮಾನಗಳ ಕಾಲ ಮನೆಯೇ ಮಂದಿರವಾಗಿದ್ದ ಜನರಿಗೆ ಮೊದಲ ಸಭಾಮಂದಿರವು ಒದಗಿದ ಕಥೆಯಲ್ಲಿ ನಮ್ಮ ನಾಡಿಗೂ ಪಾಲುಂಟು. ದಿವೇಕರ್ ಮನೆತನದ ಸಾಮಾಜಿ ಹಸಾಜಿ, ಎಂದರೆ ಸ್ಯಾಮ್ಯುಯೆಲ್ ಎಜೆಕಿಯೆಲ್, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ದೇಶೀಯ ಅಧಿಕಾರಿಯಾಗಿದ್ದನು. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಅವನು ಸೆರೆಸಿಕ್ಕಿ ಟೀಪೂ ಸುಲ್ತಾನನ ವಶವಾದನು. ಸೆರೆಯಾಳುಗಳ ವಿಚಾರಣೆಯ ಕಾಲದಲ್ಲಿ ಇವನು ತನ್ನ ಕುಲವನ್ನು ಬೆನೆ ಇಸ್ರೇಲ್ ಎಂದು ಹೇಳಲಾಗಿ, ಪವಿತ್ರ ಖುರಾನಿನಲ್ಲಿ ಹೆಸರು ಬಂದಿರುವ ಜನರಲ್ಲವೆ ಇವರು, ಇವರನ್ನು ಕಣ್ಣಾರೆ ಕಾಣುವ ಭಾಗ್ಯವಾಯಿತು ಎಂದು ಸುಲ್ತಾನನ ತಾಯಿಯು ಅವನ ಪ್ರಾಣವನ್ನು ಕಾಯ್ದಳೆಂದು ಅವರಲ್ಲಿ ಪ್ರತೀತಿ. ಇದಕ್ಕೆ ಶಾಸನದ ಪ್ರಮಾಣವನ್ನು ಕೇಳುವವರು ಕೇಳಲಿ. ಬಿಡುಗಡೆಯಾದರೆ ದೇವರಿಗೆ ಒಂದು ಮನೆ ಕಟ್ಟಿಸುವೆನೆಂದು ಅವನು ಹರಕೆ ಹೊತ್ತಿದ್ದನು. 1796ರಲ್ಲಿ ಮುಂಬಯಿಯಲ್ಲಿ ಅದನ್ನು ತೀರಿಸಿದನು. ಶಾರ್ ಹಾರಹಮೀಮ್ ಎಂದು ಅದಕ್ಕೆ ಹೆಸರು. ಕರುಣೆಯ ಬಾಗಿಲು ಎಂದರ್ಥ. ಕಟ್ಟಡವೇನೋ ಆಯಿತು, ಒಳಗೆ ಇಡಲು ಧರ್ಮಗ್ರಂಥದ ಸುರುಳಿ ಬೇಕಲ್ಲ! ಅದನ್ನು ತರಲೆಂದು ಅವನು ಕೊಚ್ಚಿಗೆ ಹೋಗಿ, ಮರುವರ್ಷ ಅಲ್ಲಿಯೇ ತೀರಿಕೊಂಡನೆಂದು ಹೇಳುವರು. ಈಗ ನಿಂತಿರುವ ಕಟ್ಟಡವು 1860ರದು. ನೆರೆಯ ಜನರು ಇದನ್ನು "ಜುನೀ ಮಸೀದಿ" ಎನ್ನುತ್ತಿದ್ದರು; ಮಸ್ಜಿದ್ ನಿಲ್ದಾಣದ ಹೆಸರು ಇದರಿಂದಲೇ ಬಂದುದೆಂದು ಅಲ್ಲಿನವರ ಹೇಳಿಕೆ. ನಮ್ಮ ಮುಂಬಯಿ ವಾಚಕರಿಗೆ ಇದು ಹೊಸ ಸಂಗತಿಯಾಗಬಹುದು.

ಆಮೇಲೆ ಮಂದಿರಗಳು ಒಂದರ ಹಿಂದೆ ಒಂದು ಎದ್ದವು: ರೇವದಂಡದಲ್ಲಿ 1842, ಅಲೀಬಾಗದಲ್ಲಿ 1848, ಪನವೇಲಿಯಲ್ಲಿ 1849. ಕೊಚ್ಚಿಯಿಂದ ಬಂದ ಯೆಹೂದಿ ಉಪಾಧ್ಯಾಯರು ಪ್ರಾರ್ಥನಾಕ್ರಮವನ್ನು ಕಲಿಸಿದರು. ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ನನು 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಬರೆದುಕೊಟ್ಟನು. ಕ್ರೈಸ್ತರಾಗಲಿ ಎಂಬ ಆಸೆಯಿಂದ ಅವನು ಕಲಿಸಿದನು, ಅವರು ಕಲಿತು ಮತ್ತಷ್ಟು ದೃಢವಾದ ಯೆಹೂದ್ಯರಾದರು. 1875ರಲ್ಲಿ ಹಾಯೀಮ್ ಸ್ಯಾಮ್ಯುಯೆಲ್ ಕೇಹೀಮ್‌ಕರ್ ಎಂಬ ಪುಣ್ಯಾತ್ಮನು ತನ್ನವರ ಮಕ್ಕಳಿಗಾಗಿ ಪಾಠಶಾಲೆಯನ್ನು ಸ್ಥಾಪಿಸಿದನು. ತನ್ನ ಜನರ ಇತಿಹಾಸವನ್ನೂ ಬರೆದನು. ಆ ಪಾಠಶಾಲೆಯು ಇಂದಿಗೂ ಮಜಗಾಂವಿನಲ್ಲಿ ನಡೆಯುತ್ತಿದೆ, ಆದರೆ ಅಲ್ಲಿ ಓದುವ ಮಕ್ಕಳಲ್ಲಿ ಬಹುಪಾಲು ಇತರ ಮತದವರು. 1880ರ ಸುಮಾರಿಗೆ ಇವರು ಮರಾಠಿ ಹರಿಕೀರ್ತನೆಯ ಧಾಟಿಯಲ್ಲಿಯೇ ಅಬ್ರಹಾಮ, ಯೋಸೇಫ, ಮೋಶೆ ಮೊದಲಾದವರ ಚರಿತ್ರೆಗಳನ್ನು ಪದ, ಅಭಂಗಗಳ ಸಹಿತ ಹೇಳುವ ಪದ್ಧತಿಯನ್ನು ಆರಂಭಿಸಿದರು. ಯೋಸೇಫನನ್ನು ಅಣ್ಣಂದಿರು ಬಾವಿಗೆ ನೂಕಿದ ಪ್ರಸಂಗವು ತಾಳ ಚಿಪ್ಪಳೆಗಳೊಡನೆ ಹೇಗೆ ರಂಜಿಸಿರಬಹುದೆಂಬುದನ್ನು ಕೀರ್ತನಪ್ರಿಯರಾದ ನಮ್ಮ ವಾಚಕರು ಊಹಿಸಿಕೊಳ್ಳಲಿ.

ಮಂದಿರದ ಒಳಗೆ ಪಶ್ಚಿಮದ ಗೋಡೆಯಲ್ಲಿ ಒಂದು ಕಪಾಟು. ಭಾರತದಿಂದ ಜೆರೂಸಲೇಮು ಪಶ್ಚಿಮಕ್ಕಲ್ಲವೆ? ಅದರೊಳಗೆ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಸುರುಳಿಗಳು, ಮುಂದೆ ನಂದಾದೀಪ, ನಡುವೆ ಕಟಕಟೆಯುಳ್ಳ ಜಗಲಿ, ಓದುವವನು ನಿಲ್ಲುವುದು ಅಲ್ಲಿ, ಹೆಂಗಸರಿಗೆ ಮೇಲಿನ ಅಂತಸ್ತು. ಓದುವಾಗ ಬೆರಳು ತಾಗಿಸಬಾರದು, ಬೆಳ್ಳಿಯ ಕಡ್ಡಿಯಿಂದ ಸಾಲನ್ನು ತೋರಬೇಕು. ಪ್ರವಾದಿ ಎಲಿಯಾಹುವಿಗೆಂದು ಒಂದು ಪೀಠವನ್ನು ಬರಿದಾಗಿಯೇ ಇಟ್ಟಿರುವರು. ಶಿಶುವಿಗೆ ಸುನ್ನತಿಯಾಗುವಾಗ ಅವನು ಅದೃಶ್ಯನಾಗಿ ಬಂದು ಸಾಕ್ಷಿಯಾಗಿರುವನಂತೆ. ಆಡಳಿತಕ್ಕೆ ಮುಕಾದಮ, ಹಣಕ್ಕೆ ಗಬ್ಬಾಯ್, ಪ್ರಾರ್ಥನೆಯನ್ನು ನಡೆಸಲು ಹಜ್ಜಾನ್, ದೀಪ ಕಸ ಬಾಗಿಲುಗಳಿಗೆ ಶಮಾಷ್. ಮುಕಾದಮನೆಂಬ ಹೆಸರು ಕೊಂಕಣದ್ದು, ಉಳಿದವು ಹೀಬ್ರೂ. ಒಂದೇ ಸಾಲಿನಲ್ಲಿ ಎರಡು ನಾಡುಗಳು. ಪ್ರಾರ್ಥನೆ ಮುಗಿದ ಕೂಡಲೇ "ಹಾತ್ ಬೋಶಿ" ಎಂಬುದೊಂದು ಉಪಚಾರ. ಹಿರಿಯನಿಂದ ಮೊದಲಾಗಿ ಒಬ್ಬರು ಇನ್ನೊಬ್ಬರ ಕೈಗಳನ್ನು ಮುಟ್ಟಿ, ಮುಟ್ಟಿದ ಬೆರಳುಗಳನ್ನು ತುಟಿಗೆ ತಾಗಿಸಿಕೊಳ್ಳುವರು. ಇದು ಸಾಲುಸಾಲಾಗಿ ಹಬ್ಬಿ ಸಭೆಯ ಕಟ್ಟಕಡೆಯವನವರೆಗೆ ಹೋಗುವುದು. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಕೈಗೇ ತಿಳಿದುಹೋಗುವುದು.

ಈಗ ಬಾರದವರೇ ಹೆಚ್ಚು. 1951ರ ಖಾನೇಷುಮಾರಿಯಲ್ಲಿ ಭಾರತದ ಯೆಹೂದ್ಯರೆಲ್ಲರೂ ಸೇರಿ ಸುಮಾರು 26,000 ಮಂದಿ. 1971ರಲ್ಲಿ ಆರು ಸಾವಿರಕ್ಕೂ ಕಡಮೆ. 2011ರಲ್ಲಿ ಐದು ಸಾವಿರಕ್ಕೂ ಕಡಮೆ. ಯಾರೂ ಓಡಿಸಿದ್ದರಿಂದ ಹೋದವರಲ್ಲ. ಇದನ್ನು ಅವರೇ ಮತ್ತೆ ಮತ್ತೆ ಹೇಳುವರು. 1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾಗಲು, ನಿತ್ಯವೂ ಪ್ರಾರ್ಥನೆಯಲ್ಲಿ ನೆನೆದ ಊರಿಗೆ ಹೊರಟರು. ಅಲ್ಲಿ ಅವರಿಗೆ ಸುಖವೇ ಕಾದಿತ್ತೆನ್ನಲಾಗದು. ಇವರು ನಿಜವಾದ ಯೆಹೂದ್ಯರೇ, ಇವರೊಡನೆ ವಿವಾಹಸಂಬಂಧ ಮಾಡಬಹುದೇ ಎಂದು ಅಲ್ಲಿನ ಧರ್ಮಾಧಿಕಾರಿಗಳು ವಂಶದ ವಿಚಾರಣೆಗೆ ಕುಳಿತರು. ಗ್ರಂಥವಿಲ್ಲದೆ ಗುರುವಿಲ್ಲದೆ ಇಷ್ಟು ಶತಮಾನ ಶನಿವಾರವನ್ನು ಕಾಯ್ದುಕೊಂಡು ಬಂದವರಿಗೆ ಈ ಪ್ರಶ್ನೆ! ಇವರು ಜೆರೂಸಲೇಮಿನಲ್ಲಿ ಧರಣಿ ಕುಳಿತು, 1964ರಲ್ಲಿ ಆ ಅವಮಾನವನ್ನು ತೊಡೆಸಿಕೊಂಡರು. ದಿಮೋನಾ, ಅಶ್ದೋದ್ ಮೊದಲಾದ ಅಲ್ಲಿನ ಊರುಗಳಲ್ಲಿ ಇಂದು ಅವರ ದೊಡ್ಡ ದೊಡ್ಡ ಸಭೆಗಳುಂಟು.

ಹೋದವರ ಹಿಂದೆ ಉಳಿದ ಕಟ್ಟಡಗಳ ಪಾಡು ಬೇರೆ. ಒಂದು ಕಾಲಕ್ಕೆ ಜನರಿದ್ದು ಮಂದಿರವಿರಲಿಲ್ಲ. ಈಗ ಕೊಂಕಣದ ಹಲವು ಊರುಗಳಲ್ಲಿ ಮಂದಿರವಿದ್ದು ಜನರಿಲ್ಲ. ಊರಿನಲ್ಲಿ ಉಳಿದ ಒಂದೆರಡು ಮನೆಯವರು ದೀಪಕ್ಕೆ ಎಣ್ಣೆ ಹಾಕುತ್ತ, ಹಬ್ಬಕ್ಕೋ ಮದುವೆಗೋ ಮುಂಬಯಿಯಿಂದ ಬರುವವರನ್ನು ಎದುರುನೋಡುತ್ತಿರುವರು. ಕೊಚ್ಚಿಯ ಸ್ಥಿತಿಯು ಇನ್ನೂ ಕರುಣಾಜನಕ. ಅಲ್ಲಿನ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಮಂದಿರವನ್ನು ನೋಡಲು ಸಾವಿರಾರು ಪ್ರವಾಸಿಗಳು ಬರುವರು. ನೆಲಕ್ಕೆ ಹಾಸಿದ ಚೀನದ ನೀಲಿ ಬಿಲ್ಲೆಗಳನ್ನು ಹೊಗಳುವರು. ಆದರೆ ಊರಿನವರೇ ಆದ ಹತ್ತು ಮಂದಿ ಅಲ್ಲಿ ಸಿಕ್ಕುವುದಿಲ್ಲ. ಬಂದ ಪ್ರವಾಸಿಗಳಲ್ಲಿ ಯೆಹೂದ್ಯರಿದ್ದರೆ ಅವರಿಂದಲೇ ಸಂಖ್ಯೆಯು ತುಂಬಬೇಕು. ಬೆಂಗಳೂರಿನಲ್ಲಂತೂ ಮೊದಲಿನಿಂದಲೂ ಸಭಾಮಂದಿರವಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ದೊರೆತ ರುದ್ರಭೂಮಿಯೊಂದುಂಟು.

ಹತ್ತು ಮಂದಿ ಗಂಡಸರೇ ಆಗಬೇಕೆಂಬ ನಿಯಮವನ್ನು ಕೇಳಿ ನಮ್ಮ ಗೃಹಿಣಿಯರು ಹುಬ್ಬುಗಂಟಿಕ್ಕಿರಬಹುದು. ಧರ್ಮವನ್ನು ಮೊರದಲ್ಲಿಯೂ ಮಡಕೆಯಲ್ಲಿಯೂ ಉಳಿಸಿದವರನ್ನು ಮಂದಿರದಲ್ಲಿ ಎಣಿಕೆಗೆ ಹಿಡಿಯದಿರುವುದು ನಮಗೂ ನ್ಯಾಯವಾಗಿ ತೋರುವುದಿಲ್ಲ. ಹೊರಗಿನವರ ಅಭಿಪ್ರಾಯಕ್ಕೆ ಎಷ್ಟು ಬೆಲೆಯೋ ಅಷ್ಟೇ ಇದಕ್ಕೂ ಇರಲಿ. ಯೆಹೂದ್ಯರಲ್ಲಿಯೇ ಉದಾರ ಪಂಥದವರು ಸ್ತ್ರೀಯರನ್ನೂ ಎಣಿಸುವರು. ಆ ಪಂಥವನ್ನು 1925ರಲ್ಲಿ ಮುಂಬಯಿಗೆ ತಂದವರು ಒಬ್ಬ ಸ್ತ್ರೀಯೇ: ಡಾಕ್ಟರ್ ಜೆರೂಷಾ ಝಿರಾಡ್. ಈಕೆಯು ಹುಟ್ಟಿದುದು ನಮ್ಮ ಶಿವಮೊಗ್ಗೆಯಲ್ಲಿ. ಲಂಡನ್ನಿನಲ್ಲಿ ಪ್ರಸೂತಿಶಾಸ್ತ್ರವನ್ನು ಓದಿ ಬಂದು, ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಾಧಿಕಾರಿಣಿಯಾಗಿ ಎಷ್ಟೋ ಸಾವಿರ ತಾಯಂದಿರ ಹೆರಿಗೆಯ ಹೊಣೆಯನ್ನು ಹೊತ್ತವರು. 1966ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದವರು. ಶಿವಮೊಗ್ಗೆಯವರು ಈ ಹೆಸರನ್ನು ಮರೆತಿರುವುದು ಶೋಚನೀಯ.

ಇನ್ನು ಮುಂಬರುವ ಸಮಾರಂಭಗಳ ವಿಷಯ. ಅವರ ಪಂಚಾಂಗವೂ ನಮ್ಮದರಂತೆ ಚಾಂದ್ರಮಾನದ್ದು. ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳು. ದಿನವು ಮಾತ್ರ ಸೂರ್ಯಾಸ್ತಕ್ಕೆ ಆರಂಭವಾಗುವುದು. ಆದುದರಿಂದ ನಮ್ಮ ವಾಚಕರು ತಾರೀಖನ್ನು ಹುಡುಕುವುದಕ್ಕಿಂತ ಚಂದ್ರನನ್ನು ನೋಡುವುದೇ ಸುಲಭ. ಮಳೆಗಾಲವು ಹಿಂದಾಗುವ ಹೊತ್ತಿಗೆ ಎಲುಲ್ ಎಂಬ ತಿಂಗಳು. ಆ ತಿಂಗಳೆಲ್ಲ ಬೆಳಗಿನ ಜಾವದಲ್ಲೆದ್ದು ಕ್ಷಮಾಪ್ರಾರ್ಥನೆಗಳನ್ನು ಹೇಳುವರು. ಅದು ಕಳೆದು ತಿಶ್ರಿ ತಿಂಗಳ ಪಾಡ್ಯಕ್ಕೆ ವರ್ಷಾರಂಭ. ಅದು ಕೆಲವು ವರ್ಷ ನಮ್ಮ ನವರಾತ್ರಿಯ ಪಾಡ್ಯದ ಹೊತ್ತಿಗೂ, ಕೆಲವು ವರ್ಷ ಅದಕ್ಕೆ ತಿಂಗಳು ಮುಂಚಿತವಾಗಿ ಗಣೇಶನ ಹಬ್ಬದ ಹೊತ್ತಿಗೂ ಬರುವುದು. ಅಂದು ಟಗರಿನ ಕೊಂಬನ್ನು ಊದುವರು. ಹತ್ತನೆಯ ದಿನ ಮಹಾಪ್ರಾಯಶ್ಚಿತ್ತ. ವರ್ಷವೆಲ್ಲ ಮಂದಿರದ ಕಡೆ ತಲೆಹಾಕದವನೂ ಆ ದಿನ ಬರುವನು. ಹತ್ತನೆಯವನಿಗಾಗಿ ಬಾಗಿಲು ನೋಡುವ ಶಮಾಷನು ಆ ದಿನ ಕುಳಿತುಕೊಳ್ಳಲು ಜಾಗ ಹುಡುಕಬೇಕಾಗುವುದು. ಅಸ್ತಮಯದಿಂದ ಮಾರನೆಯ ದಿನ ನಕ್ಷತ್ರ ಕಾಣುವವರೆಗೆ ನೀರೂ ಇಲ್ಲ. ಕೊನೆಗೆ ಒಂದು ದೀರ್ಘವಾದ ಶೃಂಗನಾದ, ಆಮೇಲೆ ಶರಬತ್ತು.

ಹುಣ್ಣಿಮೆಗೆ ಪರ್ಣಶಾಲೆಗಳ ಹಬ್ಬ. ಮಂದಿರದ ಅಂಗಳದಲ್ಲಿ ಸೋಗೆಯ ಚಪ್ಪರ ಹಾಕಿ, ಹಣ್ಣುಗಳನ್ನು ತೂಗಹಾಕಿ, ಅದರ ಕೆಳಗೆ ಕೂಡುವರು. ಮರುಭೂಮಿಯಲ್ಲಿ ಗುಡಾರಗಳಲ್ಲಿ ಅಲೆದುದರ ಸ್ಮರಣೆಗಾಗಿ. ಆ ಹಬ್ಬಗಳ ಸಾಲು ಮುಗಿಯುವ ದಿನ ಧರ್ಮಗ್ರಂಥದ ಪಾರಾಯಣವೂ ಮುಗಿಯುವುದು. ಐದು ಕಾಂಡಗಳನ್ನು 54 ಭಾಗವಾಗಿ ಹಂಚಿ ವಾರವಾರ ಓದಿಕೊಂಡು ಬಂದು, ಕೊನೆಯ ಭಾಗವನ್ನು ಅಂದು ಓದುವರು; ಮಂಗಳವಾದ ಕೂಡಲೇ, ಅದೇ ಆಸನದಲ್ಲಿ, ಸೃಷ್ಟಿಯ ಮೊದಲ ಅಧ್ಯಾಯವನ್ನು ತೆಗೆಯುವರು. ಆ ದಿನ ಸುರುಳಿಗಳನ್ನೆಲ್ಲ ಕಪಾಟಿನಿಂದ ಹೊರಗೆ ತಂದು, ಎತ್ತಿಕೊಂಡು, ಹಾಡುತ್ತ ಕುಣಿಯುತ್ತ ಪ್ರದಕ್ಷಿಣೆ ಬರುವರು. ಮುದುಕರೂ ಕುಣಿಯುವರು. ಒಂದೊಂದು ಸುರುಳಿಯೂ ಭಾರವಾದುದು. ಎಷ್ಟು ಸುರುಳಿಗಳುಂಟೋ ಅಷ್ಟು ಜೊತೆ ಬಲವಾದ ತೋಳುಗಳು ಬೇಕು. ಎಷ್ಟೋ ಮಂದಿರಗಳಲ್ಲಿ ಈಗ ಸುರುಳಿಗಳು ಹೆಚ್ಚು, ತೋಳುಗಳು ಕಡಮೆ.

ಚಳಿಗಾಲದಲ್ಲಿ, ಪುಷ್ಯವೋ ಮಾಘವೋ ಆದ ಹುಣ್ಣಿಮೆಯ ಸುಮಾರಿಗೆ, ಶೆವಾತ್ ತಿಂಗಳ ಹದಿನೈದನೆಯ ದಿನ ಅವರ ಅತ್ಯಂತ ಸ್ವಂತವಾದ ಕೂಟ. ಇದು ಬೇರೆ ದೇಶದ ಯೆಹೂದ್ಯರಲ್ಲಿ ಇಲ್ಲ. ಅಲೀಬಾಗದ ಬಳಿ ಖಂಡಾಲಾ ಎಂಬ ಹಳ್ಳಿಯುಂಟು. ಘಟ್ಟದ ಮೇಲಿನ ಖಂಡಾಲಾ ಬೇರೆ. ಪ್ರವಾದಿ ಎಲಿಯಾಹು ಅಲ್ಲಿ ಪ್ರತ್ಯಕ್ಷನಾಗಿ, ಅಲ್ಲಿಂದಲೇ ರಥವೇರಿ ಸ್ವರ್ಗಕ್ಕೆ ಹೋದನೆಂದೂ ಬಂಡೆಯ ಮೇಲೆ ಅದರ ಗುರುತು ಉಳಿದಿದೆಯೆಂದೂ ಅವರ ನಂಬಿಕೆ. ಆ ದಿನ ಮುಂಬಯಿ ಠಾಣೆಗಳಿಂದ ಸಂಸಾರಸಹಿತರಾಗಿ ಅಲ್ಲಿಗೆ ಹೋಗಿ "ಮಲೀದಾ" ಮಾಡುವರು. ಮಲೀದಾ ಎಂದರೆ ಏನೆಂದುಕೊಂಡಿರಿ? ನೆನೆಯಿಸಿದ ಅವಲಕ್ಕಿಗೆ ಬೆಲ್ಲವನ್ನೋ ಸಕ್ಕರೆಯನ್ನೋ ಹಾಕಿ, ತೆಂಗಿನ ತುರಿ, ದ್ರಾಕ್ಷಿ, ಬಾದಾಮಿ, ಏಲಕ್ಕಿಗಳನ್ನು ಬೆರಸಿದ್ದು. ಸುತ್ತ ಬಾಳೆ ಮೊದಲಾದ ಐದು ಬಗೆಯ ಹಣ್ಣು. ಮೇಲೆ ಗುಲಾಬಿಯೋ ಸಬ್ಜಾ ಎಲೆಯೋ. ಮರದ ಹಣ್ಣಿಗೆ ಒಂದು ಮಂತ್ರ, ನೆಲದ ಬೆಳೆಗೆ ಒಂದು, ಪರಿಮಳಕ್ಕೆ ಒಂದು, ಎಲಿಯಾಹುವಿನ ಸ್ತೋತ್ರ, ಆಮೇಲೆ ಪ್ರಸಾದ. ಮನೆಯಲ್ಲಿ ಮದುವೆಯಾದರೆ, ಹರಕೆ ತೀರಿದರೆ, ಮಗುವಿನ ಕಾಯಿಲೆ ವಾಸಿಯಾದರೆ, ಹೊಸ ಮನೆಗೆ ಹೋದರೆ ಇದೇ ಮಲೀದಾ. ನಮ್ಮ ಮನೆಯಾಕೆಯು ಇದನ್ನು ಕೇಳಿ "ಇದು ಗೋಕುಲಾಷ್ಟಮಿಯ ಅವಲಕ್ಕಿಯೇ ಅಲ್ಲವೆ?" ಎಂದಳು. ದಿಮೋನಾಕ್ಕೆ ಹೋದವರು ಅವಲಕ್ಕಿಯನ್ನು ಅಲ್ಲಿಗೂ ತರಿಸಿಕೊಂಡು ಮಲೀದಾ ಮಾಡುತ್ತಿರುವರು.

ನಮ್ಮ ಪ್ರಶ್ನಕರ್ತರು ಮಂದಿರವನ್ನು ನೋಡಲು ಇಚ್ಛಿಸಿದರೆ ಅಡ್ಡಿಯಿಲ್ಲ. ಆದರೆ 2008ರ ನವೆಂಬರ್ 26ರಂದು ಆರಂಭವಾದ ಘೋರದಲ್ಲಿ ಮುಂಬಯಿಯ ನಾರಿಮನ್ ಹೌಸಿನಲ್ಲಿದ್ದ ಯೆಹೂದ್ಯರ ಕೊಲೆಯಾದಂದಿನಿಂದ ಆ ನಗರದ ಇಂತಹ ಸ್ಥಳಗಳಿಗೆ ಪೊಲೀಸರ ಕಾವಲುಂಟು. ಮುಂಚಿತವಾಗಿ ಕಾಗದ ಬರೆದು ಅನುಮತಿ ಪಡೆದು, ಗುರುತಿನ ಚೀಟಿಯನ್ನು ಕೊಂಡುಹೋಗುವುದು ಲೇಸು. ಶನಿವಾರ ಹೋಗುವುದಾದರೆ ಕ್ಯಾಮರಾವನ್ನು ಮನೆಯಲ್ಲಿಯೇ ಬಿಡಬೇಕು. ತಲೆಗೆ ಟೊಪ್ಪಿಗೆ ಬೇಕು. ಒಳಗೆ ಹೋದಾಗ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರಿ. ಅವರು ಹತ್ತು ಪದಗಳ ವಾಕ್ಯವನ್ನು ಹೇಳುತ್ತ ಬರುವಾಗ ನಿಮ್ಮನ್ನು ದಾಟಿ ಮುಂದಿನವನಿಗೆ ಹೋದರೆ ಬೇಸರಪಡಬೇಡಿ. ಪ್ರಾರ್ಥನೆ ಮುಗಿದು ಕೈ ಮುಟ್ಟುವ ಉಪಚಾರವು ಸಾಲಿನ ಕೊನೆಯವರೆಗೆ ಬಂದಾಗ, ಪಕ್ಕದಲ್ಲಿ ಕುಳಿತವರು ನಿಮ್ಮ ಕಡೆಗೂ ಕೈ ಚಾಚಿದರೆ ನೀವೂ ಕೈ ನೀಡಬಹುದು.